ಮೂವರು ಪಾಪಯ್ಯರು

ಎತ್ತಿದ ಗುದ್ದಲಿಯನ್ನು ಶ್ಯಾಮಣ್ಣ ಹಾಗೇ ಗಾಳಿಯಲ್ಲಿ ಹಿಡಿದು, "ಕೊಂಡಪ್ಪಣ್ಣ, ಯಾವ್ ಕಲ್ಲ ಮಗ್ಗುಲಿಗೆ ಅಗೀಲಿ?" ಎಂದು ಕೇಳಿದ.

ತಾಯಿ ಪಿಳ್ಳಮ್ಮ ಹೋದಳೆಂದು ಕೊಂಡಪ್ಪ ಬೆಳಗಿನಿಂದ ಅತ್ತಿದ್ದ. ಈಗ ಹೆದರಿದ.

"ನಮ್ಮಪ್ಪನ ಕಲ್ಲ ಮಗ್ಗುಲಿಗೆ."

"ಅದೇ, ಅದ್ಯಾವ್ದು ಅಂತ."

ಹೊಲದ ಮೂಲೆಯಲ್ಲಿ ಮೂರು ಕಲ್ಲುಗಳಿದ್ದವು. ನಡುವಿನ ದೊಡ್ಡದು ಮುತ್ತಾತ ಪಾಪಯ್ಯನದು. ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಅವನು ಸತ್ತ ವರ್ಷವೇ ಅವನ ಇಬ್ಬರು ಮಕ್ಕಳಿಗೂ ಗಂಡುಮಗು ಹುಟ್ಟಿತು. ಅಪ್ಪನ ಹೆಸರನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪದೆ, ಒಂದೇ ಮನೆಯ ಎರಡು ತೊಟ್ಟಿಲಿಗೆ ಒಂದೇ ಹೆಸರು ಬಿತ್ತು. ಆ ಇಬ್ಬರು ಪಾಪಯ್ಯರೂ ಪ್ಲೇಗಿನ ವರ್ಷ ಒಂದೇ ವಾರದಲ್ಲಿ ಹೋದರು. ಊರೆಲ್ಲ ಗುಡಿಸಲು ಹಾಕಿಕೊಂಡು ಹೊರಗಿದ್ದಾಗ ಯಾರೋ ಹೂತರು, ಯಾರೋ ಕಲ್ಲು ನೆಟ್ಟರು. ಆ ಯಾರೋ ಕೂಡ ಈಗಿಲ್ಲ. ಮೂಡಲ ಕಲ್ಲು ಒಬ್ಬನದು, ಪಡುವಲ ಕಲ್ಲು ಇನ್ನೊಬ್ಬನದು. ಕೊಂಡಪ್ಪ ಆಗ ಅಂಬೆಗಾಲಿಕ್ಕುತ್ತಿದ್ದ. ಚಿಕ್ಕವನಿದ್ದಾಗ ತಾಯಿಯನ್ನು ಕೇಳಲು ತೋಚಲಿಲ್ಲ. ದೊಡ್ಡವನಾದ ಮೇಲೆ, ಅಪ್ಪನ ಕಲ್ಲು ಯಾವುದೆಂದು ಕೇಳಲು ನಾಚಿಕೆ.

ತಪ್ಪಿದರೆ ಆಗುವುದು ಸಣ್ಣ ಅನಾಹುತವಲ್ಲ. ಇನ್ನೊಬ್ಬ ಪಾಪಯ್ಯ ಪಿಳ್ಳಮ್ಮನಿಗೆ ಭಾವನಾಗಬೇಕು. ಅವನ ಎದುರು ಅವಳು ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಅವನು ಜಗಲಿಯ ಮೇಲಿದ್ದರೆ ಹಿತ್ತಿಲು ಸುತ್ತಿಕೊಂಡು ಮನೆ ಸೇರಿದವಳು. ಅಂಥವಳನ್ನು ಆ ಭಾವನ ಪಕ್ಕದಲ್ಲಿ ಖಾಯಮ್ಮಾಗಿ ಮಲಗಿಸುವುದುಂಟೆ?

"ಅವ್ವ ಎದ್ದು ಬಂದು ಬಯ್ತಾಳೆ," ಎಂದ ಕೊಂಡಪ್ಪ.

"ಬಂದ್ರೆ ಒಳ್ಳೇದೇ ಅಲ್ವಾ. ಕೇಳ್ಕಂಡೇ ಅಗೀಬೋದು," ಎಂದು ಶ್ಯಾಮಣ್ಣ ಗುದ್ದಲಿ ಕೆಳಗಿಟ್ಟು ಕೂತ.

ಕೊಂಡಪ್ಪನ ಅಳಿಯ ವೆಂಕಟೇಶಪ್ಪ ಹೊಸೂರಿನಲ್ಲಿ ಮೇಷ್ಟರು. ಹೆಂಡತಿಯ ಮನೆತನದ ವಂಶವೃಕ್ಷ ಬರೆಯುವ ಹುಚ್ಚು ಅವನಿಗೆ. "ಮಾವ, ನನ್ನ ಮರಾನೂ ಈ ಪಾಪಯ್ಯರ ಹತ್ರಾನೇ ನಿಂತಿರೋದು," ಎಂದ.

"ಅಜ್ಜೀನ ಕೇಳ್ಬೇಕಾಗಿತ್ತು ನೀವು," ಎಂದ ಕೊಂಡಪ್ಪ.

"ಕೇಳಿದ್ದೆ."

*

ಪಿಳ್ಳಮ್ಮ ಗಂಡನ ಹೆಸರು ಹೇಳುವ ಹೆಂಗಸಲ್ಲ. ಮೊಮ್ಮಗನಿಗೂ ಪಾಪಯ್ಯನೆಂದೇ ಹೆಸರಿಟ್ಟಾಗ ಅದನ್ನೂ ಕರೆಯುವಂತಿಲ್ಲವಾಯಿತು. ಅವನನ್ನು "ಸಾಮಿ" ಎಂದು ಕರೆದು, ಅದೇ ಸಾಮಿಯ ಬೆನ್ನಿಗೆ ಗುದ್ದುತ್ತಿದ್ದಳು. ಯುದ್ಧದ ಕಾಲದ ರೇಷನ್ ಕಾರ್ಡಿಗೆಂದು ಡೆಂಕಣಿಕೋಟೆಗೆ ಹೋದಾಗ ಗುಮಾಸ್ತ, "ಪುರುಷನ್ ಪೇರು ಸೊಲ್ಲಮ್ಮಾ," ಎಂದು ಗಂಡನ ಹೆಸರನ್ನು ತಮಿಳಿನಲ್ಲಿ ಕೇಳಿದ. ಸುಮ್ಮನಿದ್ದಳು. ತೆಲುಗಿನಲ್ಲಿ ಕೇಳಿದ. ತೆಲುಗಿನಲ್ಲೂ ಸುಮ್ಮನಿದ್ದಳು. ಕಡೆಗೆ ಮೊಮ್ಮಗನ ತೋಳು ಹಿಡಿದು ಮುಂದಕ್ಕೆ ತಳ್ಳಿ, "ಇವನೇ," ಎಂದಳು. ಗುಮಾಸ್ತ ಕನ್ನಡಕ ತೆಗೆದು, ಮೀಸೆ ಮೂಡದ ಆ ಗಂಡನನ್ನು ಬಹಳ ಹೊತ್ತು ನೋಡಿದ.

ವೆಂಕಟೇಶಪ್ಪ ಕೇಳಿದಾಗಲೂ ಅಷ್ಟೇ. "ನಿಮ್ಮಾವನ ಅಪ್ಪ ಯಾರು ಅಂದ್ರೆ, ನಿಮ್ಮಾವನ ಅಪ್ಪ ಕಣಪ್ಪ," ಎಂದು ನಕ್ಕು, ರಾಗಿ ಹೊಲದ ಅಟ್ಟಣೆಗೆ ಹೊರಟಿದ್ದಳು. ರಾತ್ರಿ ಆನೆ ಬಂದರೆ ತಗಡು ಬಡಿಯುವ ಕೆಲಸವನ್ನು ಅವಳು ಮಗನಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನು ಮೆಲ್ಲಗೆ ಬಡಿಯುತ್ತಾನೆಂದು ಅವಳ ದೂರು.

*

ಹಣ್ಣಾಗಿ ಬಿದ್ದ ಜೀವವಾದ್ದರಿಂದ ಅಂಗಳದಲ್ಲಿ ತಮಟೆ ಜೋರಾಗಿತ್ತು, ಮೊಮ್ಮಕ್ಕಳು ಕುಣಿಯುತ್ತಿದ್ದರು. ಜವಳಗಿರಿಯ ಗಾಡಿ ಬಂದದ್ದು ಆಗಲೇ. ಇಳಿದವಳು ದೊಡ್ಡಮುನಿಯಮ್ಮ, ಆ ಇನ್ನೊಬ್ಬ ಪಾಪಯ್ಯನ ಹೆಂಡತಿ. ಪ್ಲೇಗಿನ ವರ್ಷ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದವಳು ಅಲ್ಲೇ ನಿಂತಿದ್ದಳು. ವಾರಗಿತ್ತಿಯ ಕೆನ್ನೆ ಸವರಿ ಅತ್ತು ಮುಗಿಸುವುದನ್ನೇ ಕಾದು ಕೊಂಡಪ್ಪ ಕೇಳಿದ:

"ದೊಡ್ಡವ್ವ, ದೊಡ್ಡಪ್ಪನ ಕಲ್ಲು ಮೂಡ್ಲದಾ, ಪಡುವ್ಲದಾ?"

"ನಾನೇನ್ ಕಂಡಿದ್ನೇನ್ಲಾ? ಹೆಂಗಸ್ರನ್ನ ಯಾವತ್ತು ಬುಟ್ಟಿದ್ರಿ ಅಲ್ಲಿಗೆ? ಹೂತೋರು ಬಂದು ಹೇಳಿದ್ದು ಪಿಳ್ಳಿಗೆ. ನಾನು ಆಗ್ಲೇ ಗಾಡಿ ಹತ್ತಿದ್ದೆ."

ವೆಂಕಟೇಶಪ್ಪ ಮುಂದೆ ಬಂದ. "ಅಜ್ಜಿ, ಇಬ್ರಿಗೂ ಅಡ್ಡಹೆಸರು ಏನಾದ್ರೂ ಇತ್ತಾ?"

"ಇತ್ತು."

"ಏನು?"

"ಅದ್ನೂ ಹೇಳಂಗಿಲ್ಲ."

"ನಿಮ್ಮೋರದು ಬೇಡ. ಮೈದುನಂದು ಹೇಳಿ."

"ಅವನ್ದೂ ಅದೇ ಹೆಸ್ರಲ್ವಾ? ಅವನ್ದು ಹೇಳಿದ್ರೆ ಇವ್ರದ್ನೂ ಹೇಳ್ದಂಗಾಯ್ತದೆ."

ಇದರಲ್ಲಿ ಎಲ್ಲಿ ತಪ್ಪು ಹಿಡಿಯಬೇಕೆಂದು ಮೇಷ್ಟರಿಗೆ ತಿಳಿಯಲಿಲ್ಲ. ಮಾವನತ್ತ ತಿರುಗಿದ.

"ಹಿರೀಕರ ಹಬ್ಬಕ್ಕೆ ಕಲ್ಲಿಗೆ ಎಡೆ ಇಡ್ತೀರಲ್ಲ, ಮೂರಕ್ಕೂ ಒಂದೇನಾ?"

"ಒಂದೆಲ್ಲಿ ಬಂತು? ಅವ್ವ ಬೇರೆ ಬೇರೆ ಕಟ್ಟಿ ಕೊಡೋಳು. ನಡುವಿಂದಕ್ಕೆ ಹೆಂಡ. ಮೂಡ್ಲದಕ್ಕೆ ಕಜ್ಜಾಯ. ಪಡುವ್ಲದಕ್ಕೆ ಹಾಗಲಕಾಯಿ ಪಲ್ಯ."

"ಏನಂದೆ?" ಎಂದಳು ದೊಡ್ಡಮುನಿಯಮ್ಮ.

"ಹಾಗಲಕಾಯಿ. ಚೂರು ಬೆಲ್ಲಾನೂ ಹಾಕ್ದೆ. ಅದು ಅವ್ರಿಗೆ ಪ್ರಾಣ ಅಂತ ಕಾಣ್ತದೆ, ವರ್ಸಾ ವರ್ಸಾ ತಪ್ಪಿಸ್ತಿರಲಿಲ್ಲ."

ದೊಡ್ಡಮುನಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು. ಅವಳು ನಗುತ್ತಿದ್ದಳು.

*

ಪಿಳ್ಳಮ್ಮ ಮದುವೆಯಾಗಿ ಬಂದ ಹೊಸತು. ಮೊದಲ ಸಲ ತಾನೇ ಒಲೆ ಹಚ್ಚಿ, ತವರಿನ ಪದ್ಧತಿಯಂತೆ ಹಾಗಲಕಾಯಿ ಪಲ್ಯ ಮಾಡಿ ಬಡಿಸಿದಳು. ಗಂಡ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದ.

"ನಾನು ಬದುಕಿರೋಗಂಟ ಇದ್ನ ನನ್ಗಿಕ್ಬೇಡ. ಸತ್ಮೇಲೆ ಎಡೆಗಿಕ್ಕು, ತಿಂತೀನಿ."

"ಆಗ್ಲಿ," ಎಂದಳು ಹುಡುಗಿ ಒಲೆಯ ಮುಂದಿನಿಂದ. "ಆಮೇಲೆ ಮಾತು ತಪ್ಪಂಗಿಲ್ಲ."

ಜಗಲಿಯ ಮೇಲಿದ್ದ ಭಾವ ಗಟ್ಟಿಯಾಗಿ ನಕ್ಕದ್ದು ಕೇಳಿ ಅವಳು ನಾಲಿಗೆ ಕಚ್ಚಿಕೊಂಡಿದ್ದಳು.

*

"ಅವತ್ತಿನ ಮಾತ್ಗೆ ಇವತ್ತಿನ್ಗಂಟ ತಿನ್ನಿಸ್ತಾ ಇದ್ಯೇನೇ ಪಿಳ್ಳಿ?" ದೊಡ್ಡಮುನಿಯಮ್ಮ ಹೆಣದ ಗಲ್ಲ ಹಿಡಿದು ಕೇಳಿದಳು. "ಪಾಪ ಕಣೇ, ಒಂದ್ ವರ್ಸನಾದ್ರೂ ಬೆಲ್ಲ ಹಾಕ್ಬಾರ್ದಾ?" ಆಮೇಲೆ ಕೊಂಡಪ್ಪನಿಗೆ, "ಕಜ್ಜಾಯದೋರು ನಮ್ಮೋರು ಕಣ್ಲಾ. ಹಾಗಲಕಾಯಿದು ನಿಮ್ಮಪ್ಪ."

ಕೊಂಡಪ್ಪನ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೇ ನುಗ್ಗಿದವು. ಕಣ್ಣು ಒರೆಸಿಕೊಂಡು ಹೊಲದತ್ತ ಕೂಗಿದ: "ಶ್ಯಾಮಣ್ಣ, ಪಡುವ್ಲ ಕಲ್ಲ ಮಗ್ಗುಲಿಗೆ ಅಗಿ."

ಸಂಜೆ ಹೂವಿನ ಚಟ್ಟ ಎದ್ದಾಗ ದೊಡ್ಡಮುನಿಯಮ್ಮನೂ ಎದ್ದಳು. ಹೆಂಗಸರು ಅಲ್ಲಿಗೆ ಬರುವ ಹಾಗಿಲ್ಲವೆಂದು ಊರಿನ ಹಿರಿಯರು ಅಡ್ಡ ಬಂದರು.

"ಇಷ್ಟು ದಿನ ಯಾವ್ ಕಲ್ಲು ಅಂತ ಗೊತ್ತಿರ್ಲಿಲ್ಲ, ಬರ್ಲಿಲ್ಲ. ಈಗ ಗೊತ್ತಾಯ್ತಲ್ಲ," ಎಂದು ಅವರನ್ನು ದಾಟಿಕೊಂಡು ತಮಟೆಯ ಹಿಂದೆ ನಡೆದಳು.

ಪಡುವಲ ಕಲ್ಲಿನ ಪಕ್ಕದಲ್ಲಿ ಗಂಡಸರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುತ್ತಿದ್ದಾಗ ಅವಳು ಮೂಡಲ ಕಲ್ಲಿನ ಬಳಿಗೆ ಹೋದಳು. ಅದರ ಮೇಲೆ ಹಬ್ಬಿದ್ದ ಬಳ್ಳಿ ಕಿತ್ತು, ಧೂಳು ಒರೆಸಿದಳು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತು, ಕಲ್ಲಿಗೆ ಬೆನ್ನು ಕೊಟ್ಟಳು. ಯಾಕೋ ಸರಿಹೋಗಲಿಲ್ಲ.

"ರವಷ್ಟು ಅತ್ಲಾಗೆ ಸರ್ಕಳಿ," ಎಂದು ಕಲ್ಲಿಗೆ ಮೊಣಕೈ ತಾಕಿಸಿ, ಎರಡೂ ಕಾಲು ನೀಳವಾಗಿ ಚಾಚಿಕೊಂಡಳು.