ಅತ್ತೆಯನ್ನು ದಬ್ಬುವ ಪರೀಕ್ಷೆ

ಅತ್ತೆ-ಸೊಸೆ ಜಗಳಕ್ಕೆ ಅಡುಗೆಮನೆಯೇ ಆಗಬೇಕೆಂದು ಯಾರು ಹೇಳಿದರು? ಈ ಮನೆಯಲ್ಲಿ ಜಗಳ ನಡೆಯುವುದು ನಡುಮನೆಯ ಉದ್ದ ಮೇಜಿನ ಸುತ್ತ, ಅದೂ ಇಂಗ್ಲಿಷ್ ಪದಗಳಿಗಾಗಿ. ಅತ್ತೆ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದಕಿ, ಸೊಸೆ ಸಹಾಯಕಿ. ಅತ್ತೆಯದೊಂದು ಕಟ್ಟಳೆಯಿತ್ತು: ಎರಡು ಕನ್ನಡ ಪದಗಳ ಅರ್ಥ ಬೇರೆ ಎನ್ನುವವರು ಅದನ್ನು ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಕೆಂಪು ಗೀಟು.

ಇವತ್ತು ‘ಪುಷ್’ ಸರದಿ. ಸೊಸೆ ತಾನೊಬ್ಬಳೇ ಕೂತು ಅರ್ಥ ಬರೆದ ಮೊದಲ ಪದ. ಇದು ಗೆದ್ದರೆ ಮುಂದಿನ ಸಂಪುಟ ಅವಳ ಕೈಗೆ, ಸೋತರೆ ಮತ್ತೆ ಕರಡು ತಿದ್ದುವ ಕೆಲಸ. ಪುಟ ಒಯ್ಯಲು ಬಂದ ಅಚ್ಚುಕೂಟದವರೊಬ್ಬರು ಆಗಲೇ ಬಾಗಿಲಲ್ಲಿ ನಿಂತಿದ್ದರು.

“ತಳ್ಳು ಅಂತ ಹಾಕಿದ್ರೆ ಸಾಕಿತ್ತು,” ಅಂದರು ಅತ್ತೆ. “ನೀನು ತಳ್ಳು, ಒತ್ತು, ನೂಕು, ದಬ್ಬು ಅಂತ ಪಟಾಲಮ್ಮನ್ನೇ ಕರ್ಕೊಂಡು ಬಂದಿದ್ದೀಯಲ್ಲ!”

“ತೋರಿಸ್ತೀನಿ ಅತ್ತೆ!” ಸೊಸೆ ತೋಳೇರಿಸಿ ಎದ್ದಳು. ಕುರ್ಚಿಯನ್ನು ಮೇಜಿನಡಿಗೆ ಸರಿಸಿ, “ಇದು ತಳ್ಳೋದು.” ಕರೆಗಂಟೆಯ ಗುಂಡಿಗೆ ಬೆರಳಿಟ್ಟು, “ಇದು ಒತ್ತೋದು.” ಅಚ್ಚಿನವರ ಪಕ್ಕಕ್ಕೆ ನುಗ್ಗಿ ಭುಜಕ್ಕೆ ಭುಜ ಕೊಟ್ಟು, “ಬಸ್ಸು ಹತ್ತುವಾಗ ಹೀಗೆ! ಇದು ನೂಕೋದು!”

“ಅಯ್ಯೋ ತಾಯಿ, ಅರ್ಥ ಆಯ್ತು!” ಅವರು ಗೋಡೆಗಂಟಿಕೊಂಡರು. ಅತ್ತೆಗೂ ನಗು ತಡೆಯಲಾಗಲಿಲ್ಲ. ಮೂರಕ್ಕೂ ಸರಿ ಗುರುತು ಬಿತ್ತು. ಸೊಸೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಉಳಿದದ್ದು ‘ದಬ್ಬು’.

“ನೂಕೋದೇ ದಬ್ಬೋದು. ಏನು ವ್ಯತ್ಯಾಸ?” ಅತ್ತೆ ಕೆಂಪು ಪೆನ್ನೆತ್ತಿದರು.

“ಇದೆ ಅತ್ತೆ, ಖಂಡಿತ ಇದೆ!”

“ಇದ್ರೆ ತೋರ್ಸು.” ಅತ್ತೆ ಎದ್ದು ಹೋಗಿ ಹೊಸ್ತಿಲಿಗೆ ಮುಖ ಮಾಡಿ ನಿಂತರು. “ಹೂಂ, ನನ್ನನ್ನೇ ದಬ್ಬು.”

ಸೊಸೆ ಅದೇ ಹುರುಪಿನಲ್ಲಿ ಹೋಗಿ ಅತ್ತೆಯ ಬೆನ್ನ ಮೇಲೆ ಎರಡೂ ಕೈಯಿಟ್ಟಳು. ಇಟ್ಟ ಕೈ ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

“ಆಗಲ್ಲ ಅತ್ತೆ.”

“ಹಾಗಾದ್ರೆ ಗೀಟು ಹಾಕ್ಲಾ?”

“ಬೇಡ!” ಸೊಸೆ ಕೂಗಿಯೇಬಿಟ್ಟಳು. ವ್ಯತ್ಯಾಸ ಅವಳಿಗೂ ಈಗಷ್ಟೇ ಹೊಳೆದಿತ್ತು. “ಬಸ್ಸಲ್ಲಾದ್ರೆ ನಿಮ್ಮನ್ನೂ ನೂಕ್ತೀನಿ. ದಬ್ಬೋಕಾಗಲ್ಲ. ಈ ಮನುಷ್ಯ ನನಗೆ ಬೇಡ, ಆಚೆ ತೊಲಗ್ಲಿ ಅನ್ನಿಸಿದ್ರೆ ಮಾತ್ರ ದಬ್ಬೋದು. ನನಗೆ ಹಾಗನ್ನಿಸ್ತಾನೇ ಇಲ್ವಲ್ಲ! ನೀವು ನನಗೆ ಬೇಕು!”

ಅತ್ತೆ ಬಂದು ಕೂತು, ಕನ್ನಡಕ ಒರೆಸಿಕೊಂಡು, ‘ದಬ್ಬು: ಬೇಡವಾದವರನ್ನು ಹೊರಕ್ಕೆ ತಳ್ಳು’ ಎಂದು ಕೈಯಾರೆ ಬರೆದು ಅಚ್ಚಿನವರಿಗೆ ಪುಟ ಕೊಟ್ಟರು.

ಸೊಸೆಗೆ ಕುಣಿಯುವಷ್ಟು ಖುಷಿ. “ಗೆದ್ದೆ ಅಲ್ವಾ ಅತ್ತೆ?”

“ಗೆದ್ದೆ ಬಿಡು.” ಅತ್ತೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. “ಕೊನೇಲಿ ಏನೋ ಹೇಳಿದ್ಯಲ್ಲ, ಇನ್ನೊಂದು ಸಲ ಹೇಳು.”

“ಅರ್ಥಾನಾ?”

“ಅದಲ್ಲ ಕಣೆ.”