ಒಳಗಿರುವವರ ಸಾಲು

ನನ್ನ ಕೆಲಸ ಏನೆಂದು ಅಮ್ಮನಿಗೆ ವಿವರಿಸುವುದರಲ್ಲಿ ನಾನು ಇವತ್ತಿಗೂ ಸೋತಿದ್ದೇನೆ. ಯಂತ್ರ ಹೀಗೆ ನಡೆಯಬೇಕು ಎಂದು ಜನ ಮಾತಿನಲ್ಲಿ ಬರೆದುಕೊಡುತ್ತಾರೆ. ನಾನು ಅದನ್ನು ಅನುಮಾನಕ್ಕೆ ಎಡೆಯಿಲ್ಲದ ಗಣಿತದ ಸಾಲುಗಳಾಗಿ ಬರೆಯುತ್ತೇನೆ. ಆ ಸಾಲುಗಳ ಪ್ರಕಾರ ಸಾಫ್ಟ್‌ವೇರ್ ತಯಾರಾಗುತ್ತದೆ. "ಅಂದ್ರೆ, ಬೇರೆಯವರು ಹೇಳಿದ್ದನ್ನೇ ಯಾರಿಗೂ ಅರ್ಥ ಆಗದ ಹಾಗೆ ಬರೀತೀಯ," ಎಂದಳು ಅಮ್ಮ.

ಆ ಸಲ ಬಂದದ್ದು ಸೋಪಿನ ಪುಡಿ ಕಾರ್ಖಾನೆಯ ಹೊಸ ಡ್ರಮ್ಮು. ಆಳೆತ್ತರದ್ದು, ಒಳಗೆ ಪುಡಿ ಕಲಸಲು ಉಕ್ಕಿನ ರೆಕ್ಕೆ. ಅವರು ಬರೆದುಕೊಟ್ಟಿದ್ದು ಎರಡೇ ವಾಕ್ಯ: ಬಾಗಿಲು ತೆರೆದಿದ್ದರೆ ರೆಕ್ಕೆ ತಿರುಗಬಾರದು, ಮುಚ್ಚಿದ ಕೂಡಲೇ ತಿರುಗಬೇಕು. ಅರ್ಧ ದಿನದಲ್ಲಿ ಬರೆದು ಮುಗಿಸಿದೆ. ಸಾಲುಗಳನ್ನು ಪರೀಕ್ಷಿಸುವ ತಂತ್ರಾಂಶವೂ ಒಂದೇ ಒಂದು ತಪ್ಪು ತೋರಿಸಲಿಲ್ಲ. ಮೊದಲೇ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು, ಇನ್ನು ಕೇಳಬೇಕೆ?

ಬರೆದದ್ದನ್ನು ಮತ್ತೆ ಮಾತಿಗಿಳಿಸಿ, ಆ ಯಂತ್ರದ ಜೊತೆ ದುಡಿಯುವವರಿಗೆ ಓದಿ ಹೇಳಿ ಸಹಿ ಪಡೆಯುವುದು ನಮ್ಮ ಕಚೇರಿಯ ಪದ್ಧತಿ. ಬರೀ ಶಾಸ್ತ್ರಕ್ಕೆ ಎಂದುಕೊಂಡೇ ಹೋದೆ. ಅಲ್ಲಿನ ಹಳೆಯ ಡ್ರಮ್ ತೊಳೆಯುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಮುಚ್ಚಿದ ಕೂಡ್ಲೇ ತಿರುಗುತ್ತಾ? ನಾನು ಒಳಗಿದ್ರೆ?"

"ನೀವ್ಯಾಕೆ ಒಳಗಿರ್ತೀರಿ?"

"ರೆಕ್ಕೆಗೆ ಅಂಟಿದ್ದನ್ನ ಹೊರಗೆ ನಿಂತು ಕೆರೆಯೋಕಾಗುತ್ತಾ ತಾಯಿ?" ಅಕ್ಕ ನಕ್ಕರು. "ಯಾರಾದ್ರೂ ಮರೆತು ಮುಚ್ಚಿಬಿಟ್ರೆ ಅಂತ, ಇಳಿಯೋವಾಗೆಲ್ಲ ಬಾಗಿಲ ಸಂದೀಲಿ ಒಂದು ಚಪ್ಪಲಿ ಇಡ್ತೀನಿ. ಇಲ್ಲಿ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಬರೆದಿರಲಿಲ್ಲ. ನನ್ನ ಸಾಲುಗಳಲ್ಲಿ ಬಾಗಿಲಿತ್ತು, ರೆಕ್ಕೆಯಿತ್ತು, ಮನುಷ್ಯರೇ ಇರಲಿಲ್ಲ. ಸಹಿಯ ಹಾಳೆಯನ್ನು ಚೀಲಕ್ಕೆ ತುರುಕಿ ಅಲ್ಲೇ ಒಂದು ಡಬ್ಬದ ಮೇಲೆ ಕುಳಿತೆ.

ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಳಗಿಳಿಯುವವರು ಯಂತ್ರದ ಬೀಗದ ಕೈ ತೆಗೆದು ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು. ಅದು ಮತ್ತೆ ಬೀಗಕ್ಕೆ ಬಂದು, ಯಾರಾದರೂ ಗುಂಡಿ ಒತ್ತುವ ತನಕ, ಬಾಗಿಲು ತೆರೆದಿರಲಿ ಮುಚ್ಚಿರಲಿ, ರೆಕ್ಕೆ ಅಲುಗಬಾರದು. "ಹಂಗಾದ್ರೆ ಇನ್ಮೇಲೆ ಎರಡು ಕಾಲಿಗೂ ಚಪ್ಪಲಿ ಹಾಕ್ಕೋಬಹುದು," ಎಂದರು ಅಕ್ಕ. ಪ್ರತಿ ಸಲ ಎರಡು ನಿಮಿಷ ದಂಡ ಎಂದು ಕಾರ್ಖಾನೆಯ ಮೇಲ್ವಿಚಾರಕರು ಗೊಣಗಿದರು. ನಾನು ಜಗಳವಾಡಿ ಆ ಸಾಲನ್ನು ಉಳಿಸಿಕೊಂಡೆ.

ಹೊಸ ಡ್ರಮ್ ಕೂರಿಸಿದ ಎರಡನೇ ವಾರ ನೋಡಲು ಹೋಗಿದ್ದೆ. ನನ್ನೊಡನೆ ಮಾತಾಡುತ್ತಾ ಬಂದ ಮೇಲ್ವಿಚಾರಕರು, ಕೈ ಸುಮ್ಮನಿರದೆ, ತೆರೆದಿದ್ದ ಬಾಗಿಲನ್ನು ದಬ್ಬಿ ಮುಚ್ಚಿದರು.

ಏನೂ ತಿರುಗಲಿಲ್ಲ. ಒಳಗಿನಿಂದ ದನಿ ಬಂತು: "ಯಾರ್ರೀ ಅದು? ಕಣ್ಣು ಕಾಣಲ್ವಾ? ಬೆಳಕು ಬಿಡ್ರೀ, ಇನ್ನೂ ಅರ್ಧ ತೊಳೆಯೋದಿದೆ!"

ಮೇಲ್ವಿಚಾರಕರ ಮುಖ ಬಿಳಿಚಿಕೊಂಡಿತು. ನಾನೇ ಓಡಿ ಬಾಗಿಲು ತೆಗೆದೆ. ಅಕ್ಕನ ಮೊಣಕೈವರೆಗೂ ನೊರೆ. ಬೈಗುಳ ಇನ್ನೂ ಮುಗಿದಿರಲಿಲ್ಲ. ಅದನ್ನು ಎಷ್ಟು ಹೊತ್ತು ಬೇಕಾದರೂ ಕೇಳುತ್ತಾ ನಿಂತಿರುತ್ತಿದ್ದೆ.

"ಅಕ್ಕಾ, ಅವತ್ತು ನೀವು ಕೇಳದೇ ಇದ್ದಿದ್ರೆ..." ಎಂದೆ.

"ಕೇಳಿದ್ನಲ್ಲ, ಬಿಡು," ಎಂದು ಅಕ್ಕ ಮತ್ತೆ ರೆಕ್ಕೆ ಕೆರೆಯತೊಡಗಿದರು.