ಏಳು ಗಂಟಿ ಉಪ್ಪಿಟ್ಟು

ನನಗ ಸಿಟ್ಟು ಮೂಗಿನ ತುದಿಮ್ಯಾಲೇ ಅಂತ ನಮ್ಮ ಮನಿಯವರು ಧಾರವಾಡ ಬಿಟ್ಟು ಪುಣೆಕ್ಕ ಬಂದಾಗಿಂದ ಅನಕೋತನ ಬಂದಾರ. ಅನ್ನಲಿ. ಆ ಸಿಟ್ಟಿನಿಂದ ಒಮ್ಮೆ ಒಂದು ಛಲೋ ಕೆಲಸ ಆತು ಅಂತ ನಾ ಒಂದು ವಾರ ಕುಣದಾಡಿದ್ದೆ. ಅದನ್ನ ಹೇಳತೀನಿ.

ಎಪ್ಪತ್ತೆಂಟನೇ ಇಸವಿ. ಪುಣೆದ ಖಡಕಿ ಹತ್ತರ ಕ್ವಾರ್ಟರ್ಸ್ ಕಟ್ಟಲಿಕ್ಕೆ ಹತ್ತಿದ್ರು. ಕಟ್ಟಾವರೆಲ್ಲ ಯಾದಗೀರ, ಸುರಪುರ ಕಡೆಯವರು, ಅಲ್ಲೇ ತಗಡಿನ ಶೆಡ್ ಹಾಕ್ಕೊಂಡು ಇದ್ರು. ಅವರ ಮಕ್ಕಳು ನಮ್ಮ ಎರಡು ಖೋಲಿ ಕನ್ನಡ ಸಾಲಿಗೆ ಬರತಿದ್ವು. ಏಳೂವರಿಗೆ ಪ್ರಾರ್ಥನಾ, ಹನ್ನೆರಡಕ್ಕ ಮನಿ. ನಡುವ ಹತ್ತೂವರಿಗೆ ಸರಕಾರದ ಗೋಧಿನುಚ್ಚಿನ ಉಪ್ಪಿಟ್ಟು, ಒಂದು ವಾಟಗಾ ಪುಡಿಹಾಲು.

ನಾ ಕಲಸೋ ಮೂರನೇ ಇಯತ್ತೆಯೊಳಗ ಮರೆಮ್ಮ ಅಂತ ಒಂದು ಹುಡುಗಿ ಇತ್ತು. ಒಂಬತ್ತು ವರ್ಷ, ಕಡ್ಡಿಹಂಗ ಕೈಕಾಲು. ಆದರ ಏನು ತಲಿ ಅಂತೀರಿ! ಜೂನಿನಾಗ ಅಕ್ಷರ ಗೊತ್ತಿರಲಿಲ್ಲ, ದೀಪಾವಳಿ ಹೊತ್ತಿಗೆ ಒತ್ತಕ್ಷರ ಬರಿಲಿಕ್ಕೆ ಹತ್ತಿದ್ಲು. ‘ಅಕ್ಕೋರ, ಇನ್ನೊಂದು ಶಬ್ದ ಹೇಳ್ರಿ’ ಅಂತ ಸೆರಗ ಹಿಡದು ಜಗ್ಗತಿದ್ಲು. ಇವಳನ್ನ ನಾಲ್ಕನೇತ್ತಾ ಪಾಸ್ ಮಾಡಿಸಿ ಹೈಸ್ಕೂಲಿಗೆ ಹಚ್ಚೇ ಬಿಡೂದು ಅಂತ ನಾ ಮನಸಿನಾಗ ಗಟ್ಟಿ ಮಾಡಿದ್ದೆ.

ಒಂದು ಮುಂಜಾನೆ ಪ್ರಾರ್ಥನಾದಾಗ ಆ ಕೂಸು ಧಪ್ ಅಂತ ಬಿತ್ತು. ನೀರು ಹೊಡದು ಎಬ್ಬಿಸಿ ಕೇಳಿದೆ, ನಿನ್ನೆ ಮಧ್ಯಾಹ್ನದಿಂದ ಹೊಟ್ಟಿಗೆ ಏನೂ ಇಲ್ಲ. ನಾ ಸೀದಾ ಹೆಡ್‌ಮಾಸ್ತರ ಶಿವರುದ್ರಪ್ಪನವರ ಮೇಜಿನ ಮುಂದ ಹೋಗಿ ನಿಂತೆ.

“ಸರ, ಮಕ್ಕಳು ಹಸಗೊಂಡು ಬರೂದು ಏಳಕ್ಕ, ನಾವು ಹಾಕೂದು ಹತ್ತೂವರಿಗೆ. ಯಾವ ನ್ಯಾಯರೀ ಇದು?”

“ವೇಳಾಪತ್ರಕ ಮ್ಯಾಲಿಂದ ಬಂದದ್ದು, ಇಂದೂಬಾಯಿ. ನನ್ನ ಕೈಯಾಗ ಏನದ?”

ನಾ ಬಿಡಲಿಲ್ಲ. ಎಂಟು ತಿಂಗಳು ಅರ್ಜಿ ಬರದೆ. ರಜಾ ಹಾಕಿ ಶಹರದ ಆಫೀಸಿಗೆ ಬಸ್ಸಿನಾಗ ಜೋತಾಡಕೋತ ಹೋದೆ, ಅಲ್ಲಿ ಸಾಹೇಬರ ಜೋಡಿ ಮರಾಠಿಯೊಳಗ ಜಗಳಾಡಿದೆ. ಕಡಿಗೆ ‘ಹೋಗ್ರಿ ಬಾಯಿ, ಏಳಕ್ಕನ ಕೊಡ್ರಿ’ ಅಂತ ಕಾಗದದ ಮ್ಯಾಲ ಸಹಿ ಬಿತ್ತು. ಅಡಗಿ ಮಾಡೋ ಭಾಮಾಬಾಯಿ ಐದಕ್ಕ ಎದ್ದು ಒಲಿ ಹಚ್ಚಲಿಕ್ಕೆ ಒಪ್ಪಿದ್ಲು.

ಮೊದಲನೇ ವಾರ ನಲವತ್ತು ಮಕ್ಕಳು ಏಳಕ್ಕ ಮೊದಲ ತಾಟು ಹಿಡದು ಸಾಲಾಗಿ ಕೂತಿದ್ವು. ಮರೆಮ್ಮ ಎರಡು ಸಲ ಹಾಕಿಸಿಕೊಂಡು ಉಂಡ್ಲು. ನೋಡಿ ನನ್ನ ಕಣ್ಣಾಗ ನೀರು ಬಂತು, ಸುಳ್ಳ ಯಾಕ ಹೇಳಲಿ.

ಎರಡನೇ ವಾರ ಪ್ರಾರ್ಥನಾಕ್ಕ ಹದಿನೈದ ಮಕ್ಕಳು. ಮರೆಮ್ಮ ಇಲ್ಲ. ಉಂಡು ತಾಟು ತೊಳದು ಎಲ್ಲಿ ಹೋದ್ಲು ಅಂತ ಗೇಟಿಗೆ ಓಡಿದೆ. ಅಲ್ಲಿ ಕಟ್ಟಡದ ಕೂಲಿಯವರನ್ನ ದುಡಸೋ ಮುಕಾದಮ ಹುಸೇನಪ್ಪ ಸೈಕಲ್ ಹಿಡಕೊಂಡು ನಿಂತಿದ್ದ. ಮಕ್ಕಳು ಅವನ ಹಿಂದ ಹೊಂಟಿದ್ವು.

ಹನ್ನೆರಡಕ್ಕ ಸಾಲಿ ಬಿಟ್ಟ ಕೂಡಲೇ ಕಟ್ಟಡಕ್ಕ ಹೋದೆ. ಮರೆಮ್ಮ ತಲಿಮ್ಯಾಲ ಉಸುಕಿನ ಬುಟ್ಟಿ ಹೊತ್ತು ಹಲಗಿ ಏರತಿದ್ಲು. ನನ್ನ ನೋಡಿ ನಕ್ಕಳು. ಕೆಳಗ ಅವರವ್ವ ಸಕ್ಕುಬಾಯಿ ಸಿಮೆಂಟ ಕಲಸತಿದ್ಲು.

“ಏನವಾ ಇದು? ಹುಡುಗೀನ ಸಾಲಿ ಬಿಡಿಸಿದೇನು?” ಅಂತ ಎಲ್ಲರ ಮುಂದನ ಒದರಿದೆ.

ಸಕ್ಕುಬಾಯಿ ಗಡಬಡಿಸಿ ಕೈ ಒರಸಿಕೊಂಡು ಬಂದು ನನ್ನ ಕಾಲು ಮುಟ್ಟಿದ್ಲು.

“ಅಕ್ಕೋರ, ನಿಮ್ಮ ಪುಣ್ಯಾ ದೊಡ್ಡದರಿ. ಮದ್ಲ ಇಲ್ಲಿ ಎಂಟಕ್ಕ ಹಾಜರಿ, ನಿಮ್ಮಲ್ಲಿ ಹತ್ತೂವರಿಗೆ ಉಪ್ಪಿಟ್ಟು. ಉಣ್ಣಲಿ ಅಂತ ಸಾಲಿಗಿ ಕಳಸ್ತಿದ್ದೆ, ಇಲ್ಲಿ ಕೆಲಸ ತಪ್ಪತಿತ್ತು. ಈಗ ಉಂಡು ಬರ್ತಾಳ, ಅರ್ಧಾ ಪಗಾರನೂ ಸಿಗತದ. ಅಕಿಯಪ್ಪ ಬಿದ್ದು ಸೊಂಟಾ ಮುರಕೊಂಡು ಮಲಗ್ಯಾನ್ರಿ. ನೀವು ನಮ್ಮ ಪಾಲಿನ ದೇವರು.”

ಅಯ್ಯ ಶಿವನ! ಬೈಲಿಕ್ಕೆ ಬಂದಾಕಿ ಲಗೂಲಗೂ ಸಾಲಿ ಕಡೆ ಹೊಳ್ಳಿದೆ. ಆ ಹುಡುಗೀನ ಮೂರು ತಾಸು ಪಾಟಿ ಮುಂದ ಕೂಡಸಿದ್ದು ನಾ ಅಲ್ಲ, ಹತ್ತೂವರಿ ಉಪ್ಪಿಟ್ಟು. ಅದನ್ನ ನಾನ ನನ್ನ ಕೈಯಾರೆ ತಗದುಹಾಕಿದ್ದೆ.

ಮರುದಿನ ಹೆಡ್‌ಮಾಸ್ತರಿಗೆ ಹೇಳಿದೆ, “ಸರ, ಮೊದಲಿನ ಟೈಮಿಗೇ ಹಾಕೂಣ್ರಿ.”

“ಹುಚ್ಚ ಹಿಡದದೇನ್ರಿ? ಆಫೀಸಿನವರು ಭಾಳ ಖುಷಿ ಆಗ್ಯಾರ. ಉಣ್ಣೋ ಮಕ್ಕಳ ಸಂಖ್ಯಾ ಇಷ್ಟು ಎಂದೂ ಇರಲಿಲ್ಲ. ಉಳದ ಸಾಲಿಗೂ ಇದನ್ನ ಮಾಡತಾರಂತ.”

“ಉಣ್ಣತಾವ ಸರ, ಕಲಿಯೂದಿಲ್ಲ.”

“ಉಪ್ಪಿಟ್ಟಿನ ವರದಿಯೊಳಗ ಕಲಿಯೂ ಕಾಲಮ್ಮು ಇಲ್ರಿ ಬಾಯಿ.”

ಅದರ ಮರುದಿನ ನಾನ ಹಟ ಹಿಡದೆ. ಏಳಕ್ಕ ಉಪ್ಪಿಟ್ಟಿನ ಪಾತೇಲಿಯ ಮುಚ್ಚಳಾ ತಗೀಲಿಲ್ಲ. “ಇವತ್ತ ಪಾಠ ಮೊದಲು, ಆಮ್ಯಾಲ ಉಪ್ಪಿಟ್ಟು. ಕೂತವರಿಗೆ ಅಷ್ಟ” ಅಂದೆ. ಗೇಟಿನಾಗ ಮುಕಾದಮ ಸೈಕಲ್ ಗಂಟಿ ಬಾರಿಸಿದ. ಮರೆಮ್ಮ ಪಾತೇಲಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ತಾಟು ಗ್ವಾಡಿಗೆ ಹಚ್ಚಿ ಇಟ್ಟು ಎದ್ದು ಹೋದ್ಲು. ಅವಳ ಹಿಂದ ಕೆಲಸಕ್ಕ ಹೋಗೂ ಉಳದವೂ ಎದ್ದವು. ಎಲ್ಲಾ ಖಾಲಿ ಹೊಟ್ಟಿ. ಆ ದಿನ ಉಪ್ಪಿಟ್ಟು ಅರ್ಧಾ ಉಳೀತು.

ನಾ ಸೋತೆ. ಮುಂದಿನ ಮುಂಜಾನೆ ಏಳಕ್ಕ ನಾನ ಸೌಟು ಹಿಡದು ನಿಂತೆ. ಮರೆಮ್ಮನ ತಾಟಿಗೆ ಮೂರು ಸೌಟು ಹಾಕಿದೆ. ಬಿಸಿ ಬಿಸಿ ಊದಕೋತ, ಗಬಗಬ ತಿಂದು, ಸುಟ್ಟ ನಾಲಿಗಿ ಹೊರಗ ಹಾಕಿ ಗಾಳಿ ತಗೊಂಡ್ಲು. ಒಂದು ಶಬ್ದಾನಾದರೂ ಕೇಳತಾಳೇನೋ ಅಂತ ನಾ ಅವಳ ಮುಂದನ ಕೂತೆ.

“ಅಕ್ಕೋರ,” ಅಂದ್ಲು.

“ಹೇಳವಾ.”

“ನಾಳಿಂದ ಒಂದೀಟ ಲಗೂ ಕೊಡ್ತೀರೇನ್ರಿ? ತಡಾ ಆದ್ರ ಮುಕಾದಮ ಬೈತಾನ.”

ಭಾಮಾಬಾಯಿ ನನ್ನ ಕಡೆ ನೋಡಿದ್ಲು.

“ಆತು,” ಅಂದೆ. “ಆರೂವರಿಗೇ ಕೊಡತೀನಿ.”